ಅರ್ಧಕ್ಕೆ ಬಂದವರನ್ನು ಏನು ಕೇಳಬೇಕು?

ಒಂದು ವರ್ಷ ಪಾಠ ಹೇಳಿ, ಓದಿ ಬರುತ್ತೇನೆಂದು ವಿದೇಶಕ್ಕೆ ಹೋದ ಹುಡುಗಿ ಐದನೇ ತಿಂಗಳಿಗೇ ಹೈದರಾಬಾದಿಗೆ ವಾಪಸಾದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, 'ಯಾಕಮ್ಮಾ, ಏನಾಯ್ತು?' ಎರಡನೆಯದು, 'ಮುಂದೇನು?' ಅಲ್ಲಿ ಯಾರಿಗೆ ಕಲಿಸಿದೆ, ಏನು ಕಲಿಸಿದೆ ಎಂದು ಕೇಳುವವರು ಕಡಿಮೆ. ಕೊನೆಗೆ 'ಪಾಸಿಟಿವ್ ಆಗಿರು, ಎಲ್ಲ ಒಳ್ಳೆಯದಕ್ಕೇ' ಎಂದು ಹೇಳಿ ಕಾಫಿ ಮುಗಿಸಿ ಏಳುತ್ತೇವೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕೂಕಟ್‌ಪಲ್ಲಿಯ ಬಾಡಿಗೆ ಮನೆ ಖಾಲಿ ಮಾಡಿ ಹೋಗಿದ್ದವಳಿಗೆ ಆ ಮಾತಿನಿಂದ ಏನೂ ಸಿಗುವುದಿಲ್ಲ.

ಹೀಗೆ ಬರುವವರು ಸೋತು ಬಂದವರಲ್ಲ ಎಂಬುದನ್ನು ನಾವು ಬೇಗ ಮರೆಯುತ್ತೇವೆ. 2020ರ ಮಾರ್ಚ್ ನೆನಪಿಸಿಕೊಳ್ಳಿ. ಅಮೆರಿಕದ ಫುಲ್‌ಬ್ರೈಟ್ ಕಾರ್ಯಕ್ರಮ ಕೆಲವೇ ದಿನಗಳಲ್ಲಿ ನಿಂತಿತು. ಪೀಸ್ ಕೋರ್ 60ಕ್ಕೂ ಹೆಚ್ಚು ದೇಶಗಳಿಂದ ಸುಮಾರು 7,000 ಸ್ವಯಂಸೇವಕರನ್ನು ಒಟ್ಟಿಗೇ ವಾಪಸು ಕರೆಸಿಕೊಂಡಿತು. 1961ರಿಂದ ನಡೆದು ಬಂದ ಆ ಸಂಸ್ಥೆಯಲ್ಲಿ ಹಾಗಾದದ್ದು ಅದೇ ಮೊದಲು. ಅವರಲ್ಲಿ ಬಹಳಷ್ಟು ಮಂದಿ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು. ಮತ್ತೆ ಸ್ವಯಂಸೇವಕರು ಹೊರಟದ್ದು 2022ರಲ್ಲಿ. ಕೋವಿಡ್ ಹೋಯಿತು, ಆದರೆ ಅನಿಶ್ಚಿತತೆ ಹೋಗಲಿಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರ ಇಂಥ ವಿನಿಮಯ ಕಾರ್ಯಕ್ರಮಗಳ ಹಣ ತಡೆಹಿಡಿಯಿತು. ಅದೇ ಮೇ ಕೊನೆಯಲ್ಲಿ ವಿದ್ಯಾರ್ಥಿ ಮತ್ತು ವಿನಿಮಯ ವೀಸಾಗಳ ಸಂದರ್ಶನಕ್ಕೆ ಹೊಸ ದಿನಾಂಕ ಕೊಡುವುದನ್ನೇ ಕೆಲವು ವಾರ ನಿಲ್ಲಿಸಿತು. ನಾನಕ್‌ರಾಮ್‌ಗುಡದ ಕಾನ್ಸುಲೇಟಿನ ಕಡೆಗೇ ಕಣ್ಣಿಟ್ಟು ಕುಳಿತ ಮನೆಗಳು ಈ ಊರಿನಲ್ಲಿ ಎಷ್ಟಿದ್ದವೆಂದು ಇಲ್ಲಿರುವವರಿಗೆಲ್ಲ ಗೊತ್ತು.

ಹಾಗಾದರೆ ಧೈರ್ಯ ಎಲ್ಲಿಂದ ಬರಬೇಕು? ನನ್ನ ಪ್ರಕಾರ ಅದು ಲೆಕ್ಕದಿಂದ ಬರುತ್ತದೆ. ಐದು ತಿಂಗಳು ಕಲಿಸಿದ್ದು ಐದು ತಿಂಗಳ ಕೆಲಸವೇ, ಉಳಿದ ತಿಂಗಳುಗಳು ನಡೆಯಲಿಲ್ಲವೆಂದು ಅದು ಸೊನ್ನೆಯಾಗುವುದಿಲ್ಲ. ಎಷ್ಟು ಗಂಟೆ ತರಗತಿ ತೆಗೆದುಕೊಂಡೆ, ಯಾವ ಹಂತದ ಮಕ್ಕಳು, ಪಾಠ ಎಲ್ಲಿಗೆ ನಿಂತಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು. ಕಾರ್ಯಕ್ರಮವನ್ನು ನಿಲ್ಲಿಸಿದ್ದು ಸಂಸ್ಥೆಯೇ ಹೊರತು ತಾನಲ್ಲ ಎಂಬ ಪತ್ರವನ್ನು ಹೊರಡುವ ಮೊದಲೇ ಕೇಳಿ ಪಡೆಯಬೇಕು. ಇದು ಬರೀ ಸಮಾಧಾನದ ಕಾಗದವಲ್ಲ. ಅಮೆರಿಕಕ್ಕೆ ಜೆ-1 ವೀಸಾದಲ್ಲಿ ಹೋದವರ ದಾಖಲೆಯಲ್ಲಿ ಅವಧಿಗೆ ಮೊದಲೇ ಮುಗಿದಿದೆ ಎಂದಿರುವುದಕ್ಕೂ ರದ್ದುಪಡಿಸಲಾಗಿದೆ ಎಂದಿರುವುದಕ್ಕೂ ಬಹಳ ಅಂತರ. ಎರಡನೆಯದು ಮುಂದಿನ ವೀಸಾ ಅರ್ಜಿಗೆ ಅಡ್ಡ ಬರಬಹುದು. ಕೈಯಿಂದ ಹಣ ಕಟ್ಟಿಸಿಕೊಂಡು ಕಳಿಸುವ ಖಾಸಗಿ ಏಜೆನ್ಸಿಗಳ ವಿಷಯದಲ್ಲಂತೂ ಹಣ ವಾಪಸಿನ ಷರತ್ತನ್ನು ಓದದೆ ಸಹಿ ಹಾಕಲೇಬಾರದು.

ಇನ್ನು ಅಲ್ಲಿ ಬಿಟ್ಟು ಬಂದ ಮಕ್ಕಳು. ಅರ್ಧಕ್ಕೆ ಹೊರಟವರನ್ನು ರಾತ್ರಿ ಎಬ್ಬಿಸುವುದು ಅವರ ಚಿಂತೆಯೇ. ನಮ್ಮದೇ ನೆಲದ ಒಂದು ಹಳೆಯ ಸಂಗತಿ ಇಲ್ಲಿ ನೆನಪಾಗುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ನರನ್ನು ಬ್ರಿಟಿಷರು ಶತ್ರುದೇಶದವರೆಂದು ಶಿಬಿರಗಳಲ್ಲಿಟ್ಟು ಆಮೇಲೆ ದೇಶದಿಂದಾಚೆ ಕಳಿಸಿದರು. ಮಂಗಳೂರು, ಧಾರವಾಡದ ಕಡೆ ಅವರು ಕಟ್ಟಿದ್ದ ಶಾಲೆಗಳಲ್ಲಿ ಹಲವು ಆಮೇಲೂ ನಡೆದವು, ಕೆಲವು ಇಂದಿಗೂ ಇವೆ. ನಡೆಸಿದ್ದು ಇಲ್ಲಿಯವರೇ ಆದ ಮೇಷ್ಟ್ರುಗಳು. ಹೊರಗಿನಿಂದ ಬಂದವರು ಕಲಿಸುತ್ತಲೇ ಇನ್ನೊಬ್ಬರನ್ನೂ ತಯಾರು ಮಾಡಿದ್ದರಿಂದ ಅದು ಸಾಧ್ಯವಾಯಿತು. ಇವತ್ತು ಹೊರಡುವವರಿಗೂ ಇದು ಅನ್ವಯಿಸುತ್ತದೆ. ಅಲ್ಲಿನ ಸ್ಥಳೀಯ ಶಿಕ್ಷಕರಿಗೆ ಪಾಠದ ಟಿಪ್ಪಣಿ ಒಪ್ಪಿಸಿ, ಯಾವ ಮಗುವಿಗೆ ಏನು ಕಷ್ಟ ಎಂದು ಎರಡು ಸಾಲು ಬರೆದುಕೊಟ್ಟು ಬಂದರೆ ತರಗತಿ ಅನಾಥವಾಗುವುದಿಲ್ಲ.

ಬಂದ ಮೇಲೆ? ಹೈದರಾಬಾದು ಪಾಠ ಹೇಳುವವರಿಗೆ ಬಡ ಊರೇನಲ್ಲ. ತಾರ್ನಾಕಾದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ 1958ರಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆಯಾಗಿ ಹುಟ್ಟಿತು. ಅದರ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು. ಏಷ್ಯಾ, ಆಫ್ರಿಕಾದ ಶಿಕ್ಷಕರು ತರಬೇತಿಗೆಂದು ಬರುವ ಜಾಗ ಅದು. ಪಕ್ಕದ ಉಸ್ಮಾನಿಯಾದಲ್ಲೂ ವಿದೇಶಿ ವಿದ್ಯಾರ್ಥಿಗಳಿದ್ದಾರೆ. ಪರದೇಶದಲ್ಲಿ ಮಾತು ಬಾರದೆ ನಿಂತ ಅನುಭವ ಇದ್ದವರು ಅವರಿಗೆ ಬೇಗ ಹತ್ತಿರವಾಗುತ್ತಾರೆ.

ಆದರೆ ನನ್ನ ಆಸೆ ಬೇರೆಯದು. ಫುಲ್‌ಬ್ರೈಟ್‌ನ ಭಾಷಾ ಬೋಧನಾ ಸಹಾಯಕರಾಗಿ ಹೋದವರು ಅಲ್ಲಿನ ಕಾಲೇಜಿನಲ್ಲಿ ತಾವೂ ಓದುತ್ತ, ನಮ್ಮ ಭಾಷೆಯ ಒಂದಕ್ಷರವೂ ಗೊತ್ತಿಲ್ಲದವರಿಗೆ ಅದನ್ನು ಕಲಿಸುತ್ತಾರೆ. ಹಿಂದಿ ಕಲಿಸಿರಲಿ, ಉರ್ದು ಕಲಿಸಿರಲಿ, ಆ ವಿದ್ಯೆ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡಿ, ಅಜ್ಜಿ ಕಳಿಸಿದ ಮೆಸೇಜು ಓದಲಾಗದೆ ಅಪ್ಪನ ಕೈಗೆ ಫೋನು ಕೊಡುವ ಮಕ್ಕಳು ಇಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಶಾಲೆಯಲ್ಲಿ ಕಲಿತ ತೆಲುಗು ಬರುತ್ತದೆ. ಎರಡೂ ಲಿಪಿಗಳು ಒಂದೇ ಬೇರಿನವು. ಅವರ 'ತಲಕಟ್ಟು' ನಮ್ಮ 'ತಲೆಕಟ್ಟು'. ಅಲ್ಲಿ ಅದು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ, ಇಲ್ಲಿ ಅಡ್ಡಗೆರೆಯಾಗಿ ಕೊಂಕುತ್ತದೆ. ಹೊಸಬರಿಗೆ ಕಲಿಸಿ ಅನುಭವವಿರುವವರು ಇಷ್ಟರಿಂದಲೇ ಶುರು ಮಾಡಿ ಆ ಮಕ್ಕಳನ್ನು ಕೆಲವೇ ವಾರಗಳಲ್ಲಿ ಕನ್ನಡದ ಬೋರ್ಡು ಓದುವಂತೆ ಮಾಡಬಲ್ಲರು. ಅನುಭವವಿಲ್ಲದ ನಾವು ಅ, ಆ, ಇ, ಈ ತಿದ್ದಿಸಿ ಮಕ್ಕಳಿಗೆ ಬೇಸರ ಹಿಡಿಸುತ್ತೇವೆ.

ಇದನ್ನು ಪುಕ್ಕಟೆ ಸೇವೆಯೆಂದು ಯಾರ ತಲೆಗೂ ಕಟ್ಟಬಾರದು. ಕೆಲಸ ಕಳೆದುಕೊಂಡು ಬಂದವರ ಹತ್ತಿರ ಭಾಷಾಭಿಮಾನದ ಹೆಸರಿನಲ್ಲಿ ಬಿಟ್ಟಿ ದುಡಿಸುವುದು ನಮ್ಮ ಸಂಘಗಳಿಗೆ ಶೋಭೆಯಲ್ಲ. ಕಾಚಿಗುಡಾದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ, ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟಿನ ಹಾಲ್‌ಗಳಿವೆ. ಹತ್ತು ಮನೆಯವರು ಸೇರಿ ಟ್ಯೂಷನ್ನಿಗೆ ಕೊಡುವಷ್ಟು ಶುಲ್ಕವನ್ನು ಇದಕ್ಕೂ ಕೊಟ್ಟರೆ ಭಾನುವಾರದ ಒಂದು ತರಗತಿ ನಡೆಯುತ್ತದೆ. ಬಂದವಳ ಅರ್ಜಿಯಲ್ಲಿ ಖಾಲಿ ಬಿದ್ದ ತಿಂಗಳುಗಳಿಗೆ ಎದುರಾಗಿ ಬರೆಯಲು ಒಂದು ಕೆಲಸವೂ ಆಗುತ್ತದೆ.

ವಿದೇಶಕ್ಕೆ ಹೊರಟವರಿಗೆ ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಮುಂದಿನ ನವೆಂಬರಿನಲ್ಲಿ ಮಧ್ಯದಲ್ಲೇ ಮರಳಿದವರೊಬ್ಬರನ್ನು ಕರೆಯೋಣ. ಹದಿನೈದು ನಿಮಿಷ ಮೈಕು ಕೊಟ್ಟು, ಅಲ್ಲಿನ ಮಕ್ಕಳ ಬಗ್ಗೆ ಕೇಳೋಣ.