ಬಾನೆಟ್ ಮುಂದೆ ನಿಂತವಳ ತಕರಾರು

"ಯಜಮಾನ್ರು ಬಂದಿಲ್ವಾ ಮೇಡಂ?"

ಕೆಟ್ಟ ಕಾರನ್ನು ಹೇಗೋ ನೂಕಿಕೊಂಡು ಗ್ಯಾರೇಜಿಗೆ ಹೋದರೆ ನನ್ನನ್ನು ಎದುರುಗೊಂಡ ಮೊದಲ ಮಾತು ಇದು. ಕಾರು ನನ್ನದು. ಅದರ ಸಾಲದ ಕಂತು ಹೋಗುವುದು ನನ್ನ ಸಂಬಳದಿಂದ. ಓಡಿಸುವವಳೂ ನಾನೇ. ನಮ್ಮ ಯಜಮಾನರಿಗೆ ಸೈಕಲ್ ಬಿಟ್ಟರೆ ಇನ್ನೊಂದು ವಾಹನ ಬಾರದು. ಆದರೂ ಕಾರಿಗೆ ಏನಾಗಿದೆ ಎಂಬುದನ್ನು ಅವರ ಕಿವಿಗೇ ಹಾಕಬೇಕಂತೆ! ಅವರ ಫೋನ್ ನಂಬರನ್ನು ನನ್ನಿಂದಲೇ ಕೇಳಿ ಬರೆದುಕೊಂಡರು.

ಆದದ್ದು ಇಷ್ಟು. ಹೊಳವನಹಳ್ಳಿಯಿಂದ ದಿನಾ ಸ್ಕೂಲಿಗೆ ಹೋಗಿಬರುವಾಗ ಒಂದಿಷ್ಟೂ ತಕರಾರು ಮಾಡದ ಟರ್ಬೋ ಪೆಟ್ರೋಲ್ ಕಾರು, ಒಂದು ಭಾನುವಾರ ದೇವರಾಯನದುರ್ಗದ ಏರಿನಲ್ಲಿ ಉಸಿರು ಕಟ್ಟಿದವರಂತೆ ಮುಗ್ಗರಿಸಿತು. ಆಕ್ಸಿಲರೇಟರ್ ಒತ್ತಿದಷ್ಟೂ ಎಳೆಯಲಾರದ ಹಟ, ಎಂಜಿನ್ನಿನ ಒಳಗಿನಿಂದ ಟಿಣ್ ಟಿಣ್ ಎಂಬ ಸದ್ದು, ಎದುರಿಗೆ ಎಂಜಿನ್ ಚಿತ್ರದ ಹಳದಿ ದೀಪ. ತಿರುವಿನಲ್ಲಿ ಹಿಂದಿನಿಂದ ಮಿನಿ ಬಸ್ಸೊಂದು ಹಾರ್ನ್ ಬಾರಿಸುತ್ತಿದೆ. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಮಲಗಿದ್ದಾಳೆ. ಆ ಎರಡು ನಿಮಿಷ ನಾನು ನೆನೆಯದ ದೇವರಿಲ್ಲ.

ಗ್ಯಾರೇಜಿನ ಹುಡುಗ ಸ್ಕ್ಯಾನರ್ ಚುಚ್ಚಿ, "ಪಿ 0171. ಲೀನ್ ಬರ್ತಿದೆ. ಆಕ್ಸಿಜನ್ ಸೆನ್ಸರ್ ಹೋಗಿದೆ" ಎಂದ. ಸೆನ್ಸರ್ ಬದಲಾಯಿತು. ವಾರದೊಳಗೆ ದೀಪ ಮತ್ತೆ ಹತ್ತಿತು. ಪ್ಲಗ್ಗುಗಳು ಬದಲಾದವು. ದೀಪ ಮತ್ತೆ ಹತ್ತಿತು. ಆಮೇಲೆ, "ಈಗಿನ ಪೆಟ್ರೋಲೇ ಹಂಗೆ ಮೇಡಂ, ಎಥನಾಲ್ ಹಾಕ್ತಾರಲ್ಲ" ಎಂದರು. ಮೂರನೆಯ ಸಲ ಹೋದಾಗ, "ಟರ್ಬೋನೇ ಹೋಗಿರ್ಬೇಕು, ಯಜಮಾನ್ರ ಹತ್ರ ಮಾತಾಡ್ತೀವಿ" ಎಂದರು. ಅಷ್ಟರಲ್ಲಿ ಹದಿನಾಲ್ಕು ಸಾವಿರ ಕರಗಿತ್ತು. ಟರ್ಬೋಗೆ ಹೇಳಿದ ಬೆಲೆ ಕೇಳಿ ನಾನು ಕಾರನ್ನು ಮೆಲ್ಲಗೆ ಮನೆಗೆ ತಂದು ನಿಲ್ಲಿಸಿದೆ.

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಕನ್ನಡ ಮತ್ತು ಸಮಾಜ. ನಮ್ಮ ಶಾಲೆಯ ವಿಜ್ಞಾನದ ಟೀಚರನ್ನು ಬಿಡುವಿನ ಪಿರಿಯಡ್‌ಗಳಲ್ಲಿ ಕಾಡಿಸಿ ಕಾಡಿಸಿ ಈ 'ಲೀನ್' ಎಂದರೇನೆಂದು ತಿಳಿದುಕೊಂಡೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಹದಿನಾಲ್ಕೂ ಮುಕ್ಕಾಲು ಕಿಲೋದಷ್ಟು ಗಾಳಿ ಬೇಕು. ಗಾಳಿ ಅದಕ್ಕಿಂತ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಅದು ಲೀನ್, ಅಂದರೆ ತೆಳು ಮಿಶ್ರಣ. ಗ್ಯಾಸ್ ಒಲೆಯ ಬರ್ನರಿಗೆ ಗಾಳಿ ಹೆಚ್ಚಾದರೆ ಜ್ವಾಲೆ ಭುಸುಗುಟ್ಟಿ ಮೇಲಕ್ಕೆ ಹಾರುವುದನ್ನು ನಾವೆಲ್ಲ ಕಂಡಿದ್ದೇವಲ್ಲ, ಹಾಗೆ. ಟರ್ಬೋ ಎಂಬುದು ಎಂಜಿನ್ ಉಗುಳುವ ಬಿಸಿ ಹೊಗೆಯ ರಭಸದಿಂದಲೇ ತಿರುಗುವ ಚಕ್ರ. ಅದು ಇನ್ನೊಂದು ಚಕ್ರವನ್ನು ತಿರುಗಿಸಿ ಎಂಜಿನ್ನಿನೊಳಕ್ಕೆ ಗಾಳಿ ತುರುಕುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದನಂತೆ. ಗಾಳಿ ತುರುಕಿದಾಗ ಪೆಟ್ರೋಲೂ ಅಷ್ಟೇ ಹೆಚ್ಚಬೇಕು. ಒಳಗಿನ ಕಾವು ಇಳಿಸಲೆಂದು ಸಾಮಾನ್ಯವಾಗಿ ಒಂದು ಹಿಡಿ ಜಾಸ್ತಿಯೇ ಕೊಡುತ್ತಾರೆ. ಅದೇ ಹೊತ್ತಿಗೆ ಪೆಟ್ರೋಲು ಕೈಕೊಟ್ಟರೆ ಕಾವು ಏರಿ, ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಪಿಸ್ಟನ್ನೇ ಕರಗಬಹುದು. ನಾನು ಕೇಳಿದ ಟಿಣ್ ಟಿಣ್ ಆ ಸಿಡಿತದ್ದೇ. ನಿಂತ ಕಾರು ಲೀನ್ ಆದರೆ ನಡುಗುತ್ತದೆ ಅಷ್ಟೆ. ಟರ್ಬೋ ಕಾರು ಏರಿನಲ್ಲಿ ಲೀನ್ ಆದರೆ ಎಂಜಿನ್ನಿನ ಪ್ರಾಣಕ್ಕೇ ಬರುತ್ತದೆ.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಪಿ 0171 ಎನ್ನುವುದು ರೋಗದ ಹೆಸರಲ್ಲ, ದೂರು. ಹೊಗೆ ಕೊಳವೆಯಲ್ಲಿ ಕೂತ ಸೆನ್ಸರ್ 'ಇಲ್ಲಿ ಆಮ್ಲಜನಕ ಜಾಸ್ತಿ ಉಳಿಯುತ್ತಿದೆ' ಎಂದು ವರದಿ ಮಾಡಿದೆ. ವರದಿ ಕೊಟ್ಟದ್ದಕ್ಕೆ ಅದನ್ನೇ ಕಿತ್ತೆಸೆದರು! ಮಗು ತಲೆನೋವು ಎಂದರೆ ಯಾರಾದರೂ ತಲೆ ಬದಲಿಸುತ್ತಾರೆಯೇ? ಲೀನ್ ಆಗಲು ಕಾರಣಗಳು ಹತ್ತಾರು: ರಬ್ಬರ್ ಹೋಸು ಸೀಳಿ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಇಂಜೆಕ್ಟರ್ ಕಟ್ಟಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯಲು ಮೊದಲು ಕೇಳಬೇಕಾದ ಪ್ರಶ್ನೆ, ಯಾವಾಗ ಲೀನ್ ಆಗುತ್ತದೆ ಎಂಬುದು. ನಿಂತಲ್ಲೇ ಕೆಟ್ಟದಾಗಿದ್ದು ವೇಗ ಹೆಚ್ಚಿದಂತೆ ಸುಧಾರಿಸಿದರೆ ಎಲ್ಲೋ ಗಾಳಿ ಸೋರಿಕೆ ಇರಬೇಕು. ನಿಂತಾಗ ಚೆನ್ನಾಗಿದ್ದು ಭಾರ ಬಿದ್ದಾಗ ಕೆಟ್ಟರೆ ಪೆಟ್ರೋಲು ಸಾಲದೇ ಬರುತ್ತಿದೆಯೇ ಎಂದು ನೋಡಬೇಕು. ನನ್ನನ್ನು ಇದನ್ನು ಯಾರೂ ಕೇಳಲಿಲ್ಲ. ದೇವರಾಯನದುರ್ಗದ ಕತೆ ಹೇಳಹೊರಟರೆ, "ಆಯ್ತು ಮೇಡಂ, ನೋಡ್ತೀವಿ" ಎಂದು ತುಂಡರಿಸಿದರು. ಓಡಿಸಿದವಳ ಬಾಯಲ್ಲಿ ಅರ್ಧ ಪತ್ತೆ ಇತ್ತು, ಕೇಳುವ ಕಿವಿ ಇರಲಿಲ್ಲ.

ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್ನುಗಳ ಒಂದು ಗೂಡಿದೆ. ಅದಕ್ಕೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟರ ಸಾಧನವನ್ನು ಸಾವಿರ ರೂಪಾಯಿಯೊಳಗೆ ತರಿಸಿದೆ. ತಂಗಿಯ ಮಗಳನ್ನು ಪಕ್ಕದಲ್ಲಿ ಕೂರಿಸಿ, ಫೋನಿನಲ್ಲಿ ಕಾಣುವ ಅಂಕಿಗಳನ್ನು ಬರೆದುಕೊಳ್ಳಲು ಹೇಳಿ ಮತ್ತೆ ಅದೇ ಏರು ಹತ್ತಿಸಿದೆ, ಈ ಸಲ ಮೊಮ್ಮಗಳನ್ನು ಮನೆಯಲ್ಲಿ ಬಿಟ್ಟು. ನಿಂತಾಗ ಕಂಪ್ಯೂಟರ್ ಸೇರಿಸುತ್ತಿದ್ದ ಹೆಚ್ಚುವರಿ ಪೆಟ್ರೋಲು ಶೇಕಡಾ 3. ಏರಿನಲ್ಲಿ 22! ಅಷ್ಟು ಸೇರಿಸು ಎಂದರೂ ಸಾಲುತ್ತಿರಲಿಲ್ಲ. ಎಥನಾಲಿನ ಮಾತಿಗೂ ಇಲ್ಲೇ ಉತ್ತರ ಸಿಕ್ಕಿತು. ಎಥನಾಲಿನಲ್ಲಿ ಆಮ್ಲಜನಕ ಸೇರಿಕೊಂಡೇ ಇರುವುದರಿಂದ ಅದು ಬೆರೆತ ಪೆಟ್ರೋಲು ಸ್ವಲ್ಪ ಜಾಸ್ತಿ ಬೇಕಾಗುವುದು ನಿಜ. ಆದರೆ ಅದು ನಿಂತಾಗಲೂ ಓಡುವಾಗಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೇಕು. ಏರು ನೋಡಿ ಬಣ್ಣ ಬದಲಿಸುವುದಿಲ್ಲ.

ಆ ಚೀಟಿ ಹಿಡಿದು ಕೊರಟಗೆರೆಯಲ್ಲಿ ಗಾಡಿಗಳ ವಯರಿಂಗ್ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಅವರು ಚೀಟಿಯನ್ನು ಎರಡು ಸಲ ಓದಿ, "ಯಾವಾಗಿಂದ ಅಮ್ಮ? ಕಾರು ಎಲ್ಲಿ ನಿಲ್ಲಿಸ್ತೀರ?" ಎಂದರು. ಹಿತ್ತಲಲ್ಲಿ, ರಾಗಿ ಹುಲ್ಲಿನ ಮೆದೆ ಪಕ್ಕ, ಎಂದೆ. ನಕ್ಕರು. ಹಿಂದಿನ ಸೀಟು ಎಬ್ಬಿಸಿ, ಪೆಟ್ರೋಲ್ ಪಂಪಿನ ವಯರಿಗೆ ಮೀಟರ್ ಹಚ್ಚಿ, ಅಲ್ಲೇ ಮುದುರಿ ಕೂತು, "ಓಡ್ಸಿ, ಏರು ಹತ್ಸಿ" ಎಂದರು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಏರಿನಲ್ಲಿ ಪಂಪಿಗೆ ಬರುತ್ತಿದ್ದದ್ದು 9. ಇಲಿ ವಯರು ಕಡಿದು ನಾಲ್ಕಾರು ಎಳೆಗಳನ್ನು ಮಾತ್ರ ಉಳಿಸಿತ್ತು. ನಿಂತಾಗ ಆ ಎಳೆಗಳು ಸಾಕು. ಎಂಜಿನ್ ಜಾಸ್ತಿ ಕೇಳಿದಾಗ ಪಂಪು ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ಸಾಲದು. ಹೊಸ ವಯರು, ಬೆಸುಗೆ, ಕೂಲಿ ಎಲ್ಲ ಸೇರಿ ನಾನೂರ ಐವತ್ತು ರೂಪಾಯಿ.

ಗ್ಯಾರೇಜಿನ ಹುಡುಗರನ್ನು ಮಾತ್ರ ಬೈದರೆ ಅನ್ಯಾಯವಾದೀತು. ಪತ್ತೆ ಹಚ್ಚಿದ್ದಕ್ಕೆ ಬಿಲ್ಲಿನಲ್ಲಿ ಸಾಲು ಇರುವುದಿಲ್ಲ, ಬದಲಿಸಿದ ಸಾಮಾನಿಗೆ ಇರುತ್ತದೆ. ಅರ್ಧ ದಿನ ಮೀಟರ್ ಹಿಡಿದು ಕೂತವನನ್ನು ಮಾಲೀಕ ಸೋಮಾರಿ ಎನ್ನುತ್ತಾನೆ. ನಾವೂ ಅಷ್ಟೆ, ಹೊಸ ಸಾಮಾನಿನ ಡಬ್ಬಿ ಕಂಡರೆ ದುಡ್ಡು ಎಣಿಸುತ್ತೇವೆ, ಬರೀ ಬುದ್ಧಿಗೆ ಕೇಳಿದರೆ ಚೌಕಾಸಿಗೆ ನಿಲ್ಲುತ್ತೇವೆ.

ನಮ್ಮ ಸ್ಟಾಫ್ ರೂಮಿನಲ್ಲಿ ಕಾರು, ಸ್ಕೂಟರ್ ಓಡಿಸುವ ಹೆಂಗಸರು ಆರು ಜನ ಇದ್ದೇವೆ. ಬಾನೆಟ್ ತೆರೆದರೆ ಐವರು, "ಅಯ್ಯೋ, ನಮಗೇನು ತಿಳಿಯುತ್ತೆ" ಎಂದು ನಗುತ್ತಾರೆ. ಆ ನಗುವಿಗೇ ನನ್ನ ಕೋಪ. ಕುಕ್ಕರ್ ಸೀಟಿ ಕೂಗದಿದ್ದರೆ ಗ್ಯಾಸ್ಕೆಟ್ಟೋ, ವೆಯ್ಟೋ, ನೀರು ಕಮ್ಮಿಯೋ ಎಂದು ಒಂದೊಂದಾಗಿ ನೋಡಿ ಪತ್ತೆ ಹಚ್ಚುವವರು ನಾವೇ ಅಲ್ಲವೇ? 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಎಂಬ ಹೆಂಗಸು ಗಂಡನಿಗೆ ಹೇಳದೆ ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದಳು, ನೂರು ಕಿಲೋಮೀಟರಿಗೂ ಮೇಲೆ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ವಯರು ಬರಿದಾದಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿದಳು. ಲೋಕದ ಮೊದಲ ದೂರಪ್ರಯಾಣದ ಕಾರನ್ನು ದಾರಿಯಲ್ಲಿ ರಿಪೇರಿ ಮಾಡಿದವಳು ಹೆಂಗಸು. ಅವಳನ್ನು ಯಜಮಾನರೆಲ್ಲಿ ಎಂದು ಕೇಳುವ ಗ್ಯಾರೇಜೇ ಆಗ ಇರಲಿಲ್ಲ, ಪುಣ್ಯಾತ್ಮೆ!

ಈಗ ನಾನು ಯಾವ ರಿಪೇರಿಗೆ ಹೋದರೂ ಮೂರು ಮಾತು ಕೇಳುತ್ತೇನೆ. ಏನನ್ನು ಅಳೆದಿರಿ, ಎಷ್ಟು ಬಂತು, ಎಷ್ಟು ಬರಬೇಕಿತ್ತು. ಕಾಗದದ ಮೇಲೆ ಬರೆದು ಕೊಡಿ ಎನ್ನುತ್ತೇನೆ. ಮುಖ ಗಂಟಿಕ್ಕುತ್ತಾರೆ, ಆದರೂ ಬರೆಯುತ್ತಾರೆ. ಕಾರಿನ ಬಳಿ ಇಲಿ ಬೋನು ಇಟ್ಟಿದ್ದೇನೆ, ಹುಲ್ಲಿನ ಮೆದೆ ಆಚೆಗೆ ಹೋಗಿದೆ.

ಆ ಗ್ಯಾರೇಜಿನವರು ಮಾತ್ರ ಇಂದಿಗೂ, ಸರ್ವೀಸ್ ಟೈಮ್ ಆಯ್ತು ಸಾರ್ ಎಂದು ನಮ್ಮ ಯಜಮಾನರಿಗೇ ಫೋನ್ ಮಾಡುತ್ತಾರೆ. ಅವರು "ಒಂದ್ನಿಮಿಷ" ಎಂದು ಫೋನನ್ನು ತಂದು ನನ್ನ ಕೈಗೆ ಕೊಡುತ್ತಾರೆ.