ಮದುವೆಯ ಹಣ ಯಾರ ಕೈ ಸೇರಬೇಕು?

ಭಾರತ ಹುಣ್ಣಿಮೆಯ ಉಳವಿ ಜಾತ್ರೆ ಮುಗಿದು ಚಕ್ಕಡಿಗಳು ಊರಿಗೆ ಮರಳಿದವೆಂದರೆ ನಮ್ಮ ಕಡೆ ಲಗ್ನಸರಾಯಿ ಬಂದಿತೆಂದೇ ಲೆಕ್ಕ. ದಾಂಡೇಲಿಯ ಗಿರಣಿ ಕಾರ್ಮಿಕನ ಮನೆಯಲ್ಲಿಯೂ ಹಳಿಯಾಳ ಪೇಟೆಯ ಸಣ್ಣ ಅಂಗಡಿಕಾರನ ಮನೆಯಲ್ಲಿಯೂ ಆಗ ಒಂದೇ ಚಿಂತೆ. ಬಸ್ತಾ, ಬಂಗಾರ, ಕಲ್ಯಾಣ ಮಂಟಪ, ದೀಪಾಲಂಕಾರ, ಊಟದ ಗುತ್ತಿಗೆ, ಫೋಟೋ, ವಿಡಿಯೋ ಎಂದು ಚೀಟಿ ಬರೆದು ಕೂಡಿಸಿದಾಗ ಮನೆಯ ಹಿರಿಯನ ಎದೆ ಧಸಕ್ಕೆನ್ನುತ್ತದೆ. ಕೈ ಮೊದಲು ಭವಿಷ್ಯನಿಧಿಗೆ ಹೋಗುತ್ತದೆ, ಅದು ಸಾಲದಾದಾಗ ಬಡ್ಡಿಯವನ ಬಾಗಿಲಿಗೆ ಹೋಗುತ್ತದೆ. ಮುಪ್ಪಿನ ಕಾಲಕ್ಕೆಂದು ತಿಂಗಳು ತಿಂಗಳು ಪಗಾರದಿಂದ ಉಳಿಸಿದ ಹಣ ಎರಡು ದಿನಗಳ ಬೆಳಕಿನಲ್ಲಿ ಕರಗಿಹೋಗುತ್ತದೆ.

ಇಂಥ ಹೊತ್ತಿನಲ್ಲಿ ಪಟ್ಟಣಗಳಿಂದ ಒಂದು ಹೊಸ ಗಾಳಿ ಬೀಸಿದೆ. ಮದುವೆಗೆ ಊರಿನಲ್ಲೇ ಸಿಗುವ, ಕೈಯಿಂದ ಮಾಡಿದ, ಹಳೆಯ ಕಾಲದ ವಸ್ತುಗಳೇ ಬೇಕೆಂಬ ಗಾಳಿ. ಕೈಮಗ್ಗದ ಸೀರೆ, ಬಿದಿರಿನ ಬುಟ್ಟಿ, ಹಿತ್ತಾಳೆಯ ದೀಪ, ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದ ಸೀರೆ ಇವುಗಳಿಗೆ ಈಗ ಮಾನ ಬಂದಿದೆ. ಇದನ್ನು ಕಂಡು ನಮ್ಮಲ್ಲಿ ಕೆಲವರು ನಗುತ್ತಾರೆ, ಕೆಲವರು ಮೆಚ್ಚುತ್ತಾರೆ. ನಾವು ನಗುವವರಲ್ಲ. ಆದರೆ ಮೆಚ್ಚುವ ಮೊದಲು ಒಂದು ಪ್ರಶ್ನೆ ಕೇಳಬಯಸುತ್ತೇವೆ: ಈ ಮದುವೆಯಲ್ಲಿ ಖರ್ಚಾದ ಹಣ ಯಾರ ಕೈ ಸೇರಿತು? ಬುಟ್ಟಿ ಹೆಣೆದವಳಿಗೆ ಎಷ್ಟು ದಕ್ಕಿತು, ಆ ಬುಟ್ಟಿಯನ್ನು ವೇದಿಕೆಯ ಮೇಲೆ ತೂಗುಹಾಕಿದ ಗುತ್ತಿಗೆದಾರನಿಗೆ ಎಷ್ಟು ದಕ್ಕಿತು? ಇದರ ಉತ್ತರ ಸಿಗುವವರೆಗೆ ಕೈಕಸುಬಿನ ಮದುವೆಯೂ ಶ್ರೀಮಂತಿಕೆಯ ಇನ್ನೊಂದು ವೇಷವೇ ಸರಿ.

ಹಳೆಯ ವಸ್ತುಗಳ ವಿಷಯದಲ್ಲಿ ನಡೆಯುತ್ತಿರುವ ವಿಪರೀತವನ್ನು ನೋಡಿರಿ. ಬಡವರ ಮನೆಯ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ತಂಬಿಗೆಗಳು ಸ್ಟೀಲು ಪಾತ್ರೆಯ ಕಾಲ ಬಂದಾಗ ತೂಕದ ಲೆಕ್ಕದಲ್ಲಿ ಮೋಡಕಾ ವ್ಯಾಪಾರಿಯ ತಕ್ಕಡಿ ಏರಿದವು. ಅದೇ ಹಂಡೆ ಇಂದು ಪಟ್ಟಣದ ಅಂಗಡಿಯಲ್ಲಿ ಪುರಾತನ ವಸ್ತುವೆಂದು ಹೆಸರು ಪಡೆದು ಮಾರಾಟಕ್ಕೆ ನಿಂತಿದೆ. ಬಡವನ ಮನೆಯಲ್ಲಿದ್ದಾಗ ಮೋಡಕಾ, ಉಳ್ಳವನ ಮಂಟಪದಲ್ಲಿದ್ದಾಗ ಅಲಂಕಾರ! ವಸ್ತು ಬದಲಾಗಲಿಲ್ಲ, ಮಾಲಕ ಬದಲಾದ. ಆದುದರಿಂದ ನಮ್ಮ ಮೊದಲ ಸಲಹೆ ಇಷ್ಟೇ: ಅಟ್ಟದ ಮೇಲೆ ಹಳೆಯ ಪಾತ್ರೆ ಉಳಿದಿದ್ದರೆ ತೂಕಕ್ಕೆ ಮಾರಬೇಡಿರಿ. ಹುಣಸೆಹಣ್ಣು ಹಚ್ಚಿ ತಿಕ್ಕಿರಿ. ನಿಮ್ಮ ಮಗಳ ಲಗ್ನಕ್ಕೂ ಆದೀತು, ನೆರೆಮನೆಯವಳ ಲಗ್ನಕ್ಕೂ ಆದೀತು.

ಉಳವಿಯ ನೆರೆಯಲ್ಲಿ ಬಾಳುವ ನಮಗೆ ಮದುವೆಯ ಅರ್ಥವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಚನ್ನಬಸವಣ್ಣನವರ ಸಮಾಧಿ ಉಳವಿಯಲ್ಲಿರುವುದು ಏಕೆ? ಶರಣ ಪರಂಪರೆ ಹೇಳುವ ಪ್ರಕಾರ ಅದರ ಮೂಲದಲ್ಲಿ ಇರುವುದೊಂದು ಮದುವೆ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಲಗ್ನವಾಯಿತು. ಆ ಲಗ್ನವನ್ನು ಸಹಿಸದ ದರ್ಪವು ಇಬ್ಬರು ತಂದೆಯರನ್ನೂ ಎಳೆಹೂಟೆಗೆ ಗುರಿಮಾಡಿತು. ಕಲ್ಯಾಣ ಒಡೆಯಿತು, ಶರಣರು ಚದುರಿದರು. ಚನ್ನಬಸವಣ್ಣನವರೊಡನೆ ಹೊರಟವರು ಸಹ್ಯಾದ್ರಿಯ ಈ ಕಾಡನ್ನು ಸೇರಿದರು. ಹರಳಯ್ಯನ ಹೆಸರು ಇಂದಿಗೂ ಉಳಿದಿರುವುದು ಅವನು ತನ್ನ ಕೈಯಿಂದ ಹೊಲಿದ ಪಾದರಕ್ಷೆಗಳಿಂದ. ಆ ಮದುವೆಯಲ್ಲಿ ಎಷ್ಟು ದೀಪ ಉರಿದವೆಂದು ಯಾರೂ ಬರೆದಿಡಲಿಲ್ಲ. ಕೈಕಸುಬಿನವನು ಬೀಗನಾಗಿ ಸರಿಸಮ ಕುಳಿತನೆಂಬುದನ್ನು ಮಾತ್ರ ನಾಡು ಮರೆಯಲಿಲ್ಲ. ಪ್ರತಿವರ್ಷ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗುವ ನಾವು ನಮ್ಮ ಮನೆಯ ಮದುವೆಯಲ್ಲಿ ಈ ಸಂಗತಿಯನ್ನು ನೆನೆಯಬೇಡವೆ?

ಇನ್ನು ನಮ್ಮ ಸುತ್ತ ಏನು ಸಿಗುತ್ತದೆಂಬುದನ್ನು ನೋಡೋಣ. ಬಹಳ ದೂರ ಹೋಗಬೇಕಾಗಿಲ್ಲ.

ಬಾಸಿಂಗದಿಂದಲೇ ಆರಂಭಿಸೋಣ. ಶಿರಸಿ, ಸಿದ್ಧಾಪುರ, ಸಾಗರದ ಕಡೆಯ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದಂತೆ ಬೆಂಡಿನ ಬಾಸಿಂಗಕ್ಕೂ ಹೆಸರಾದವರು. ನೀರಿನಂಚಿನಲ್ಲಿ ಬೆಳೆಯುವ ಗಿಡದ ಹಗುರವಾದ ಬೆಂಡನ್ನು ಎಳೆಎಳೆಯಾಗಿ ಸೀಳಿ ಹೂ ಮಾಡುವ ಆ ಕೈಗಳ ಎದುರು ಥರ್ಮಾಕೋಲು ಬಂದು ನಿಂತಿದೆ. ಪ್ಲಾಸ್ಟಿಕ್ಕಿನ ಬ್ಯಾನರು, ತಟ್ಟೆ, ಲೋಟಗಳ ಜೊತೆ ಥರ್ಮಾಕೋಲನ್ನೂ ಕರ್ನಾಟಕ ಸರಕಾರ 2016ರಲ್ಲಿಯೇ ನಿಷೇಧಿಸಿತು. ಆದರೂ ನಮ್ಮ ಹಂದರಗಳ ಮುಂದೆ ವಧೂವರರ ಫ್ಲೆಕ್ಸು ಏಳುವುದು ನಿಂತಿಲ್ಲ. ಮುತ್ತುಗದ ಎಲೆಯ ಪತ್ರಾವಳಿ ಉಂಡು ಎಸೆದರೆ ಗೊಬ್ಬರವಾಗುತ್ತದೆ, ಹಚ್ಚಿದವಳಿಗೆ ಕೂಲಿಯಾಗುತ್ತದೆ. ಪ್ಲಾಸ್ಟಿಕ್ಕಿನ ತಟ್ಟೆ ನಮ್ಮ ಕಾಳಿ ನದಿಯ ದಂಡೆಯಲ್ಲಿ ಬಿದ್ದಿರುತ್ತದೆ.

ಸೀರೆಯೆಂದರೆ ಇಳಕಲ್ಲು. ಮೈಭಾಗದ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವುದು ಅದರ ವೈಶಿಷ್ಟ್ಯ. ಆ ಕೆಲಸ ತಾಳ್ಮೆಯ ಕೈಗಳದು. ಅದರ ಮೇಲೆ ಧಾರವಾಡ ಸೀಮೆಯ ಹೆಂಗಸರು ಕಸೂತಿ ಹಾಕುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆ. ಮೊದಲೇ ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸುತ್ತ, ಗಂಟು ಕಾಣದಂತೆ ಹಾಕುವ ಹೊಲಿಗೆ. ಕುಬಸಕ್ಕೆ ಗುಳೇದಗುಡ್ಡದ ಖಣ ಇದ್ದೇ ಇದೆ. ಹಂದರದಲ್ಲಿ ಹಾಸಲು ನವಲಗುಂದದ ಹೆಂಗಸರು ನೇಯುವ ಜಮಖಾನೆ ಉಂಟು. ಮುಂಡಗೋಡಿನ ಟಿಬೇಟಿ ವಸತಿ 1966ರಲ್ಲಿ ಆರಂಭವಾದಾಗ ದೇಶ ಬಿಟ್ಟು ಬಂದವರು ಉಣ್ಣೆಯ ರತ್ನಗಂಬಳಿ ನೇಯುವ ವಿದ್ಯೆಯನ್ನೂ ಜೊತೆಗೆ ತಂದರು.

ಹಳೆಯ ಬಟ್ಟೆಗೆ ಹೊಸ ಬಾಳು ಕೊಡುವ ವಿದ್ಯೆಯಂತೂ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ತಾಯಂದಿರಿಂದ ಕಲಿಯಬೇಕು. ನಾವು ಕೌದಿ ಎನ್ನುವುದನ್ನು ಅವರು ಕವಂದಿ ಎನ್ನುತ್ತಾರೆ. ಉಟ್ಟು ಸವೆದ ಸೀರೆಗಳ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿದು, ಕೊನೆಗೆ ನಾಲ್ಕು ಮೂಲೆಗೂ ಹೂವೆಂಬ ತುಂಡು ಕೂಡಿಸುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಇಂದು ಈ ಕವಂದಿಗಳು ಅಮೇರಿಕೆಯ ಪ್ರದರ್ಶನಗಳನ್ನೂ ಕಂಡಿವೆ. ಮಗಳಿಗೆ ಕೊಡುವ ಹಾಸಿಗೆಯಲ್ಲಿ ಅಜ್ಜಿಯ, ಅತ್ತೆಯ, ಅವ್ವನ ಸೀರೆಗಳು ಸೇರಿದ ಒಂದು ಕವಂದಿ ಇದ್ದರೆ ಅದಕ್ಕೆ ಮಿಗಿಲಾದ ಉಡುಗೊರೆ ಯಾವುದು?

ಬಿದಿರಿನ ಕತೆ ಮಾತ್ರ ಕಹಿಯಾದದ್ದು. ಮದುವೆಗೆ ಮೊರ, ಬುಟ್ಟಿ ಬೇಕೇ ಬೇಕು. ಅವನ್ನು ಹೆಣೆಯುವ ಮೇದಾರರಿಗೆ ಬಿದಿರು ಬೇಕು. 1970ರ ದಶಕದಲ್ಲಿ ಈ ಜಿಲ್ಲೆಯ ಬಿದಿರನ್ನು ಅಭ್ಯಾಸ ಮಾಡಿದ ವಿಜ್ಞಾನಿ ಮಾಧವ ಗಾಡ್ಗೀಳರು ಒಂದು ಸಂಗತಿಯನ್ನು ಬರೆದಿದ್ದಾರೆ. ಕಾಗದದ ಉದ್ಯಮಕ್ಕೆ ಸರಕಾರದ ಕಾಡಿನ ಬಿದಿರು ಅತ್ಯಲ್ಪ ದರಕ್ಕೆ ದೊರೆಯುತ್ತಿತ್ತು, ಬುಟ್ಟಿ ಹೆಣೆಯುವವರು ಪೇಟೆಯ ದುಬಾರಿ ದರ ತೆರಬೇಕಾಗಿತ್ತು. ಗಿರಣಿಯಿಂದ ಸಾವಿರಾರು ಕುಟುಂಬಗಳಿಗೆ ಅನ್ನ ಸಿಕ್ಕಿತೆಂಬುದನ್ನು ನಾವು ಮರೆಯುವುದಿಲ್ಲ. ಆದರೆ ಒಂದೇ ಕಾಡಿನ ಒಂದೇ ಬಿದಿರಿಗೆ ಎರಡು ದರ ಏಕೆಂಬ ಪ್ರಶ್ನೆಯನ್ನೂ ಮರೆಯಬಾರದು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿಕೊಂಡಿತು. ಕಾಗದದ ಮೇಲಿನ ಈ ಹಕ್ಕು ಹೆಣೆಯುವವರ ಅಂಗಳಕ್ಕೆ ಬರಬೇಕಾದರೆ ಅವರ ಕಸುಬಿಗೆ ಗಿರಾಕಿ ಉಳಿದಿರಬೇಕು.

ಇಲ್ಲಿ ಕೆಲವರು ಆಕ್ಷೇಪ ಎತ್ತುತ್ತಾರೆ. “ಕೈಯಿಂದ ಮಾಡಿದ್ದು ತುಟ್ಟಿ. ಬಡವರು ಎಲ್ಲಿಂದ ತರಬೇಕು?” ಎಂದು. ಮಾತು ಸುಳ್ಳಲ್ಲ. ಆದರೆ ಚೀಟಿಯನ್ನು ಇನ್ನೊಮ್ಮೆ ಓದಿರಿ. ನಮ್ಮನ್ನು ಮುಳುಗಿಸುವುದು ಒಂದು ಇಳಕಲ್ಲ ಸೀರೆಯಲ್ಲ, ಹತ್ತು ಬುಟ್ಟಿಗಳೂ ಅಲ್ಲ. ಮಂಟಪದ ಬಾಡಿಗೆ, ದೀಪದ ಅಬ್ಬರ, ಉಂಡು ಬಿಟ್ಟ ಹದಿನೆಂಟು ಬಗೆಯ ಭಕ್ಷ್ಯ, 1961ರ ಕಾಯಿದೆ ನಿಷೇಧಿಸಿದರೂ ಉಡುಗೊರೆಯೆಂಬ ಹೆಸರಿನಲ್ಲಿ ನಡೆಯುವ ವರದಕ್ಷಿಣೆ ಇವೇ ಮುಳುಗಿಸುವವು. ಇವನ್ನು ಕಡಿದರೆ ಕೈಯ ಕೆಲಸಕ್ಕೆ ನ್ಯಾಯವಾದ ಬೆಲೆ ಕೊಟ್ಟೂ ಹಣ ಉಳಿಯುತ್ತದೆ. 1966ರಲ್ಲಿ ಕುವೆಂಪು ಅವರು ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿ ತೋರಿಸಿದರು. ಅದರಿಂದ ಯಾರ ಗೌರವಕ್ಕೂ ಕುಂದು ಬರಲಿಲ್ಲ.

“ಯಂತ್ರದ ಮುಂದೆ ದುಡಿಯುವ ನಮಗೆ ಕೈಕಸುಬಿನ ಉಪದೇಶವೇಕೆ?” ಎಂದು ಗಿರಣಿಯ ಗೆಳೆಯರು ಕೇಳಬಹುದು. ನಾವು ಯಂತ್ರದ ವೈರಿಗಳಲ್ಲ. ನಮ್ಮ ತಕರಾರು ಕೂಲಿಯದು. 2019-20ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗದ ಕೆಲಸಗಾರರು ಲೆಕ್ಕಕ್ಕೆ ಸಿಕ್ಕರು. ಆ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನವರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಗಿರಣಿಯ ಬಾಗಿಲಲ್ಲಿ ನಿಂತು ಕನಿಷ್ಠ ವೇತನ ಕೇಳುವ ನಾವು, ಸೀರೆಯ ಅಂಗಡಿಯಲ್ಲಿ ಕುಳಿತು ನೇಕಾರನ ಕೂಲಿ ಚೌಕಾಸಿ ಮಾಡಿದರೆ ಅದು ಯಾವ ನ್ಯಾಯ? ಮಾಲಕ ನಮಗೆ ಹೇಳುವ ಮಾತನ್ನೇ ನಾವು ಅವನಿಗೆ ಹೇಳಿದಂತಾಗಲಿಲ್ಲವೆ?

ಸರಕಾರಗಳ ಮೇಲೆ ಭಾರ ಹಾಕಿ ಕುಳಿತಿರುವಂತೆಯೂ ಇಲ್ಲ. ಮಂಗಳೂರಿನಲ್ಲಿ ಹುಟ್ಟಿ ಸಮಾಜವಾದಿ ಚಳವಳಿಯ ಮುಂಚೂಣಿಯಲ್ಲಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕಟ್ಟಿ ಬೆಳೆಸಿದರು. 2020ರಲ್ಲಿ ಕೇಂದ್ರ ಸರಕಾರ ಆ ಮಂಡಳಿಯನ್ನೂ ಕೈಮಗ್ಗ ಮಂಡಳಿಯನ್ನೂ ರದ್ದುಮಾಡಿತು. ಧಾರವಾಡ ಜಿಲ್ಲೆಯ ಗರಗ ಮತ್ತು ಹುಬ್ಬಳ್ಳಿಯ ಬೆಂಗೇರಿ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರುಗಳು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಡಲಾಯಿತು. ಧ್ವಜಕ್ಕೇ ಬೇಡವಾದ ಕೈನೂಲು ನಮ್ಮ ವರನ ಮೈಮೇಲಾದರೂ ಇರಲಿ.

ಹೊರದೇಶದ ವ್ಯಾಪಾರಿಗಳಿಗೆ ನಮ್ಮ ಕೈಗಳ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳ ಸಮಗಾರರೂ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ತೆರನ ಚಪ್ಪಲಿಯನ್ನು ಅದರ ಮೂಲ ಹೇಳದೆ ತೋರಿಸಿತು. ಜನ ಕೂಗೆಬ್ಬಿಸಿದ ಮೇಲೆಯೇ ಇದು ಭಾರತದ ಕಸುಬೆಂದು ಒಪ್ಪಿಕೊಂಡಿತು. ಹರಳಯ್ಯನ ಕಸುಬನ್ನು ಇಟಲಿಯವರು ಎತ್ತಿ ಹಿಡಿಯುವ ಹೊತ್ತಿನಲ್ಲಿ, ನಮ್ಮ ವರ ಮಾತ್ರ ರೆಕ್ಸಿನ್ನಿನ ಬೂಟು ಹುಡುಕುತ್ತಾನೆ!

ಹಾಗಾದರೆ ಮಾಡಬೇಕಾದದ್ದೇನು? ನಮ್ಮ ಸೂಚನೆಗಳು ಇವು.

ಮೊದಲನೆಯದು, ಕೊಳ್ಳುವಾಗ ಸಾಧ್ಯವಾದಷ್ಟು ಮಾಡಿದವರ ಕೈಯಿಂದ, ಇಲ್ಲವೆ ಅವರ ಸಹಕಾರಿ ಸಂಘದಿಂದ, ಅದೂ ಇಲ್ಲದಿದ್ದರೆ ನಮ್ಮೂರ ಅಂಗಡಿಯಿಂದ ಕೊಳ್ಳಿರಿ. ಮಗ್ಗದ ಸೀರೆಯೆಂದು ಯಂತ್ರದ ಸೀರೆ ಕೊಡುವ ಮೋಸವುಂಟು. 2006ರಲ್ಲಿ ಜಾರಿಗೆ ಬಂದ ಕೈಮಗ್ಗದ ಮುದ್ರೆಯನ್ನು ಕೇಳಿ ನೋಡಿರಿ. ಅಂಗಡಿಕಾರ ಬಂಧುಗಳೂ ಯಾವುದು ಮಗ್ಗದ್ದು, ಯಾವುದು ಯಂತ್ರದ್ದೆಂದು ಮುಚ್ಚುಮರೆಯಿಲ್ಲದೆ ಹೇಳಿರಿ. ಅದರಿಂದ ನಿಮ್ಮ ಅಂಗಡಿಯ ಮೇಲಿನ ವಿಶ್ವಾಸ ಹೆಚ್ಚುತ್ತದೆ. ಮೊಬೈಲಿನಲ್ಲಿ ಸಾಮಾನು ತರಿಸುವ ಗಿರಾಕಿಯನ್ನು ಮರಳಿ ತರಲು ವಿಶ್ವಾಸವೊಂದೇ ನಿಮ್ಮ ಬಂಡವಾಳ.

ಎರಡನೆಯದು, ತಿಂಗಳುಗಟ್ಟಲೆ ಮೊದಲೇ ಹೇಳಿ ಮುಂಗಡ ಕೊಡಿರಿ. ಕೈಯ ಕೆಲಸಕ್ಕೆ ಸಮಯ ಬೇಕು. ಮುಂಗಡವಿಲ್ಲದ ಕಸುಬುದಾರ ನೂಲಿಗಾಗಿ, ಬಿದಿರಿಗಾಗಿ ಸಾಲ ಮಾಡುತ್ತಾನೆ. ಆ ಬಡ್ಡಿ ಅವನ ಕೂಲಿಯನ್ನು ತಿನ್ನುತ್ತದೆ.

ಮೂರನೆಯದು, ಪ್ರತಿ ಓಣಿಯಲ್ಲಿ, ಪ್ರತಿ ಕಾರ್ಮಿಕ ಸಂಘದಲ್ಲಿ ಒಂದು ಸಾಮೂಹಿಕ ಭಾಂಡೆ ಕೋಣೆ ಇರಲಿ. ಹಿಂದೆ ಮಠಗಳಲ್ಲಿ, ಗುಡಿಗಳಲ್ಲಿ ಅಡಿಗೆಯ ಪಾತ್ರೆ ಕೂಡಿಟ್ಟು ಲಗ್ನದ ಮನೆಗಳಿಗೆ ಕೊಡುವ ರೂಢಿಯಿತ್ತು. ಅದನ್ನು ನಾವು ಮರಳಿ ಕಟ್ಟಬೇಕು. ಮನೆಮನೆಯಿಂದ ಬಂದ ಹಳೆಯ ಹಂಡೆ, ಪರಾತ, ದೀಪಗಳು, ಹತ್ತಾರು ಜಮಖಾನೆಗಳು, ಹಂದರಕ್ಕೆ ಕಟ್ಟುವ ಖಣದ ಬಟ್ಟೆಗಳು ಅಲ್ಲಿರಲಿ. ತೊಳೆದು ತಿದ್ದುವಷ್ಟು ಅಲ್ಪ ಶುಲ್ಕ ಸಾಕು. ಒಂದು ಸಲ ಕೂಡಿಸಿದ್ದು ನೂರು ಲಗ್ನಗಳಿಗೆ ಆಗುತ್ತದೆ. ಹತ್ತು ಮನೆಗಳು ಬಡ್ಡಿಯವನ ಬಾಗಿಲು ತಟ್ಟುವುದು ತಪ್ಪಿದರೂ ನಮ್ಮ ಶ್ರಮ ಸಾರ್ಥಕ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಯಾರ ಕೈಯ ವಸ್ತು ನಮ್ಮ ಹಂದರಕ್ಕೆ ಬಂದಿತೋ ಅವರಿಗೂ ಲಗ್ನಪತ್ರಿಕೆ ಹೋಗಲಿ. ಮೊರ ಹೆಣೆದ ಮೇದಾರ ತಾಯಿ, ಕವಂದಿ ಹೊಲಿದ ಸಿದ್ದಿ ಅಕ್ಕ, ಚಪ್ಪಲಿ ಹೊಲಿದ ಸಮಗಾರ ಅಣ್ಣ ಹಿತ್ತಿಲ ಬಾಗಿಲಲ್ಲಿ ಸಾಮಾನು ಇಳಿಸಿ ಹೋಗುವವರಾಗಬಾರದು. ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರಾಗಬೇಕು. ಅವರ ವಸ್ತುವನ್ನು ವೇದಿಕೆಗೆ ಏರಿಸಿ ಅವರನ್ನು ಅಂಗಳದಲ್ಲಿ ನಿಲ್ಲಿಸಿದರೆ, ಆ ಮದುವೆ ಎಷ್ಟೇ ದೇಶೀಯವಾಗಿದ್ದರೂ ಕಲ್ಯಾಣವನ್ನು ಒಡೆದವರ ಪಕ್ಷದ ಮದುವೆಯೇ ಆದೀತು.

ಈ ಲಗ್ನಸರಾಯಿಯಲ್ಲಿ ಚೀಟಿ ಬರೆಯಲು ಕುಳಿತಾಗ ಒಂದೊಂದು ಸಾಮಾನಿನ ಮುಂದೆ ಬೆಲೆಯ ಜೊತೆಗೆ ಅದನ್ನು ಮಾಡಿದವರ ಹೆಸರನ್ನೂ ಬರೆಯಿರಿ. ಎಷ್ಟು ಹೆಸರು ನಿಮಗೆ ಗೊತ್ತಿದೆಯೋ ಅಷ್ಟು ಹಣ ನಮ್ಮವರ ಮನೆ ಸೇರಿತೆಂದು ತಿಳಿಯಿರಿ.