ನೋಡಲು ಬಂದವರ ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ?

ಯುರೋಪ್ ಪ್ರವಾಸ ಹೊರಡುವ ಕನ್ನಡಿಗರಲ್ಲಿ, ಅವರನ್ನು ಕರೆದೊಯ್ಯುವ ಸಂಸ್ಥೆಗಳಲ್ಲಿ ರೋಮಾ ಜನರ ಪರವಾಗಿ ಒಂದು ಮನವಿ

ಸ್ಪೇನಿನ ಗ್ರನಾಡಾದಲ್ಲಿ ಅಲ್ಹಾಂಬ್ರಾ ಅರಮನೆ ನೋಡಿ ಮುಗಿಸಿದ ಪ್ರವಾಸಿಗರು ಸಂಜೆಗೆ ಎದುರಿನ ಸಾಕ್ರೊಮೊಂಟೆ ಗುಡ್ಡ ಹತ್ತುತ್ತಾರೆ. ಗುಡ್ಡವನ್ನೇ ಕೊರೆದು ಮಾಡಿದ ಗುಹೆಮನೆಗಳು ಅಲ್ಲಿವೆ. ಸುಣ್ಣ ಬಳಿದ ಕಿರಿದಾದ ಉದ್ದನೆಯ ಗುಹೆ. ಗೋಡೆ ತುಂಬ ತೂಗುಹಾಕಿದ ತಾಮ್ರದ ಪಾತ್ರೆಗಳು. ಎರಡೂ ಬದಿ ಗೋಡೆಗೆ ಒತ್ತಿಟ್ಟ ಸಾಲು ಕುರ್ಚಿಗಳು. ನಡುವೆ ಉಳಿದ ಓಣಿಯಷ್ಟು ಜಾಗದಲ್ಲಿ ನರ್ತಕಿ ಹೆಜ್ಜೆ ಹಾಕಿದರೆ ಅವಳ ಲಂಗದ ಅಂಚು ನೋಡುಗರ ಮೊಣಕಾಲಿಗೆ ತಾಗುತ್ತದೆ. ಈ ಕುಣಿತಕ್ಕೆ ಸಾಂಬ್ರಾ ಎಂದು ಹೆಸರು. ಅದರ ಬೇರು ಇರುವುದು ಹೊರಗಿನವರು ಜಿಪ್ಸಿಗಳೆಂದು ಕರೆಯುವ ರೋಮಾ ಜನರ ಮದುವೆ ಮನೆಯಲ್ಲಿ.

ಆ ಗುಡ್ಡದ ರೋಮಾ ಕುಟುಂಬಗಳಲ್ಲಿ ಬಹಳಷ್ಟು ಇಂದು ಅಲ್ಲಿಲ್ಲ. 1963ರ ಮಳೆ, ಪ್ರವಾಹಕ್ಕೆ ಗುಹೆಗಳು ಕುಸಿದವು. ಜನರನ್ನು ಊರಂಚಿಗೆ ಸಾಗಿಸಲಾಯಿತು. ಎಷ್ಟೋ ಮಂದಿ ಮರಳಲೇ ಇಲ್ಲ. ಮರಿಯಾ ಲಾ ಕನಸ್ತೇರಾ ಅವರಂಥ ಹೆಸರಾಂತ ಕಲಾವಿದೆಯರ ಮನೆತನದವರು ನಡೆಸುವ ಕೆಲವು ಗುಹೆಗಳು ಉಳಿದುಕೊಂಡವು. 2010ರಲ್ಲಿ ಸಾಂಬ್ರಾವನ್ನೂ ಒಳಗೊಂಡ ಫ್ಲಮೆಂಕೊ ಹಾಡು, ಕುಣಿತದ ಕಲೆ ಯುನೆಸ್ಕೊ ಪಟ್ಟಿಗೆ ಸೇರಿತು. ಅದನ್ನು ಬೆಳೆಸಿದವರಲ್ಲಿ ಮುಂಚೂಣಿಯಲ್ಲಿದ್ದ ಸಮುದಾಯ ಮಾತ್ರ ಸ್ಪೇನಿನ ಕಡು ಬಡವರ ಸಾಲಿನಲ್ಲೇ ಇದೆ.

ಈ ಕರಪತ್ರ ಹೇಳಹೊರಟಿರುವುದು ಇಷ್ಟು. ಪ್ರವಾಸೋದ್ಯಮದಿಂದ ರೋಮಾ ಜನರ ಬಡತನ ಖಂಡಿತ ಕಡಿಮೆಯಾಗಬಲ್ಲದು. ಆದರೆ ಅದಕ್ಕೆ ಟಿಕೆಟ್ ಹರಿಯುವವರು ಅವರೇ ಆಗಬೇಕು, ಊರಿನ ಕಥೆ ಹೇಳುವವರು ಅವರೇ ಆಗಬೇಕು, ಮನೆಯ ಹಕ್ಕುಪತ್ರ ಅವರ ಹೆಸರಿನಲ್ಲಿರಬೇಕು. ಅವರು ಬರೀ ನೋಟದ ವಸ್ತುವಾಗಿ ಉಳಿದಲ್ಲಿ, ಬಂದ ದುಡ್ಡು ಅವರ ಅಂಗಳ ಹಾಯ್ದು ಬೇರೆಯವರ ಜೇಬು ಸೇರುತ್ತದೆ.

ಈ ಬಡತನ ಎಲ್ಲಿಂದ ಬಂತು?

ಯುರೋಪಿನಲ್ಲಿ ರೋಮಾ ಜನರ ಸಂಖ್ಯೆ ಒಂದು ಕೋಟಿಯಿಂದ 1.2 ಕೋಟಿ ಎಂಬ ಅಂದಾಜಿದೆ. ಅವರು ಆ ಖಂಡದ ಅತಿ ದೊಡ್ಡ ಅಲ್ಪಸಂಖ್ಯಾತ ಜನಾಂಗ. ಅವರ ಪೂರ್ವಿಕರು ಸಾವಿರ ವರ್ಷಕ್ಕೂ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರೆಂದು ಭಾಷಾಶಾಸ್ತ್ರವೂ ವಂಶವಾಹಿ ಸಂಶೋಧನೆಯೂ ಹೇಳುತ್ತವೆ. 2016ರ ಫೆಬ್ರವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ರೋಮಾ ಸಮ್ಮೇಳನದಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರೋಮಾ ಜನರನ್ನು ಭಾರತದ ಮಕ್ಕಳು ಎಂದೇ ಕರೆದರು.

ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ಹತ್ತು ದೇಶಗಳಲ್ಲಿ ಸಮೀಕ್ಷೆ ನಡೆಸಿತು. ಅಲ್ಲಿನ ರೋಮಾ ಜನರಲ್ಲಿ ಶೇ 80ರಷ್ಟು ಮಂದಿ ಬಡತನದ ಅಪಾಯದಲ್ಲಿದ್ದರು. ಒಕ್ಕೂಟದ ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಶೇ 17. ಸಂಬಳದ ಕೆಲಸ ಇದ್ದವರು ರೋಮಾ ಜನರಲ್ಲಿ ಶೇ 43, ಒಕ್ಕೂಟದಲ್ಲಿ ಶೇ 72.

ಸೋಮಾರಿಗಳು, ಅಲೆಮಾರಿಗಳು ಎಂಬ ಹಣೆಪಟ್ಟಿ ಕಟ್ಟಿ ಈ ಅಂಕಿಗಳನ್ನು ತಳ್ಳಿಹಾಕುವವರು ಇತಿಹಾಸವನ್ನು ನೋಡಬೇಕು. ಇಂದಿನ ರೊಮೇನಿಯಾದ ಭಾಗವಾದ ವಲಾಕಿಯಾ, ಮೊಲ್ಡಾವಿಯಾ ಸಂಸ್ಥಾನಗಳಲ್ಲಿ ರೋಮಾ ಜನರನ್ನು ಶತಮಾನಗಳ ಕಾಲ ಗುಲಾಮರಾಗಿ ಇಟ್ಟುಕೊಂಡಿದ್ದರು. ಜಮೀನುದಾರರು, ಮಠಗಳು ಅವರನ್ನು ಕೊಂಡು ಮಾರುತ್ತಿದ್ದವು. ಆ ಪದ್ಧತಿ ಪೂರ್ತಿ ಕೊನೆಗೊಂಡದ್ದು 1855–56ರಲ್ಲಿ. ಬಿಡುಗಡೆಯೇನೋ ಸಿಕ್ಕಿತು, ಹೆಚ್ಚಿನವರಿಗೆ ಭೂಮಿ ಸಿಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಮತ್ತು ಅವರ ಮಿತ್ರರು ಲಕ್ಷಾಂತರ ರೋಮಾ ಜನರನ್ನು ಕೊಂದರು. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಸ್ ಸೆರೆಶಿಬಿರದಲ್ಲಿ ಸುಮಾರು 4,300 ಮಂದಿಯನ್ನು ವಿಷಾನಿಲದ ಕೋಣೆಗೆ ಅಟ್ಟಲಾಯಿತು. 1989ರ ನಂತರ ಪೂರ್ವ ಯುರೋಪಿನ ಸರ್ಕಾರಿ ಕಾರ್ಖಾನೆಗಳೂ ಸಾಮೂಹಿಕ ಕೃಷಿ ಕೇಂದ್ರಗಳೂ ಮುಚ್ಚಿದಾಗ ಮೊದಲು ಕೆಲಸ ಕಳೆದುಕೊಂಡವರೂ ಇವರೇ. ಕೈಯಲ್ಲಿ ಕಸುಬು ಇತ್ತು. ಅದನ್ನು ಕೊಳ್ಳುವವರು ಇರಲಿಲ್ಲ.

ವಿಸ್ಕ್ರಿಯ ಹೆಂಚಿನ ಭಟ್ಟಿ

ಕೊಳ್ಳುವವರು ಮರಳಿ ಬಂದರೆ ಏನಾಗುತ್ತದೆ ಎಂಬುದಕ್ಕೆ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಒಂದು ಹಳ್ಳಿಯಿದೆ. ವಿಸ್ಕ್ರಿಯಲ್ಲಿ ಇರುವುದು ನಾನೂರರ ಆಸುಪಾಸಿನ ಜನ. ಶತಮಾನಗಳಿಂದ ಅಲ್ಲಿದ್ದ ಜರ್ಮನ್ ಮೂಲದ ಸ್ಯಾಕ್ಸನ್ನರಲ್ಲಿ ಹೆಚ್ಚಿನವರು 1990ರ ಸುಮಾರಿಗೆ ಜರ್ಮನಿಗೆ ಹೊರಟುಹೋದರು. ಈಗ ಊರಿನಲ್ಲಿ ಹೆಚ್ಚಿನವರು ರೋಮಾ. 1999ರಲ್ಲಿ ಅಲ್ಲಿನ ಕೋಟೆಗೋಡೆಯ ಚರ್ಚ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಹಳೆಯ ಮನೆಗಳು ಬೀಳದಂತೆ ದುರಸ್ತಿ ಮಾಡಲು ಮಿಹಾಯ್ ಎಮಿನೆಸ್ಕು ಟ್ರಸ್ಟ್ ಎಂಬ ಸಂಸ್ಥೆ ಮುಂದೆ ಬಂತು. ಸಿಮೆಂಟು, ಕಾರ್ಖಾನೆಯ ಹೆಂಚು ತರಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ದುಡ್ಡು ಲಾರಿ ಹತ್ತಿ ಪಟ್ಟಣಕ್ಕೆ ಹೋಗುತ್ತಿತ್ತು. ಟ್ರಸ್ಟ್ ಹಳೆಯ ಪದ್ಧತಿಯನ್ನೇ ಹಿಡಿಯಿತು, ಊರಿನವರಿಗೇ ತರಬೇತಿ ಕೊಟ್ಟಿತು. ರೋಮಾ ಕುಟುಂಬಗಳು ಜೇಡಿಮಣ್ಣು ಕಲಸಿ, ಮರದ ಅಚ್ಚಿಗೆ ಬಡಿದು, ಬಿಸಿಲಿಗೆ ಒಣಗಿಸಿ, ಸೌದೆ ಭಟ್ಟಿಯಲ್ಲಿ ಸುಟ್ಟ ಹೆಂಚು, ಇಟ್ಟಿಗೆಗಳು ಊರಿನ ಸೂರು ಸೇರಿದವು. ಕಮ್ಮಾರನಿಗೆ ಕದದ ತಿರುಗಣಿ, ಚಿಲಕ ಮಾಡುವ ಕೆಲಸ ಬಂತು. ಊರು ನೋಡಬಂದವರು ಕುದುರೆಗಾಡಿ ಹತ್ತಿ ಅದೇ ಭಟ್ಟಿಯನ್ನು, ಅದೇ ಕುಲುಮೆಯನ್ನು ನೋಡಲು ಹೊರಟರು. ಹೀಗೆ ಒಂದೇ ಕಸುಬಿಗೆ ಎರಡು ಕಡೆಯಿಂದ ಆದಾಯ ಹುಟ್ಟಿತು. 1999ರಲ್ಲೇ ಶುರುವಾದ ಇನ್ನೊಂದು ಕೆಲಸವೂ ಇದೆ: ಊರ ಹೆಂಗಸರು ಹೆಣೆದ ಉಣ್ಣೆಯ ಕಾಲುಚೀಲಗಳು ಜರ್ಮನಿಗೆ ಹೋಗುತ್ತವೆ, ಚರ್ಚಿನ ದಾರಿಯ ಬೆಂಚುಗಳ ಮೇಲೂ ಮಾರಾಟವಾಗುತ್ತವೆ.

ವಿಸ್ಕ್ರಿಯಲ್ಲೂ ಎಲ್ಲವೂ ಸರಿಯಿಲ್ಲ. ಹೆಸರು ಬಂದಂತೆ ಮನೆಗಳ ಬೆಲೆ ಏರಿದೆ, ಹೊರಗಿನವರು ಕೊಳ್ಳುತ್ತಿದ್ದಾರೆ. ಹಕ್ಕುಪತ್ರದ ಮಾತು ಬರುವುದು ಇಲ್ಲೇ. ಮನೆ ತನ್ನದಾಗಿರುವ ಕುಟುಂಬ ಬೆಲೆ ಏರಿದಾಗ ಒಂದು ಕೋಣೆಯನ್ನು ಅತಿಥಿಗಳಿಗೆ ಬಿಟ್ಟು ಗಳಿಸಬಹುದು. ಕಾಗದಪತ್ರವಿಲ್ಲದ ಕುಟುಂಬಕ್ಕೆ ಅದೇ ಏರಿಕೆ ಊರು ಬಿಡಿಸುವ ಕಾರಣವಾಗುತ್ತದೆ.

ಬಣ್ಣದ ಗೋಡೆ, ಖಾಲಿ ಅಂಗಡಿ

ಹಂಗರಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವಾಕಿಯಾ ಗಡಿಯ ಹತ್ತಿರ, ಬೋಡ್ವಾಲೆಂಕೆ ಎಂಬ ಪುಟ್ಟ ಊರು. ಜನ ಇನ್ನೂರರಷ್ಟು, ಬಹುತೇಕ ರೋಮಾ, ಬಹುತೇಕ ನಿರುದ್ಯೋಗಿಗಳು. 2008–09ರಲ್ಲಿ ಹಂಗರಿಯ ಹಳ್ಳಿಗಳಲ್ಲಿ ರೋಮಾ ಜನರ ಮೇಲೆ ಸರಣಿ ದಾಳಿ ನಡೆದು, ಒಬ್ಬ ಪುಟ್ಟ ಬಾಲಕನೂ ಸೇರಿ ಆರು ಮಂದಿ ಕೊಲೆಯಾದರು. ಅದೇ 2009ರಲ್ಲಿ ಎಸ್ತೆರ್ ಪಾಸ್ತೋರ್ ಎಂಬವರ ಮುಂದಾಳತ್ವದಲ್ಲಿ ಈ ಊರಿಗೆ ರೋಮಾ ಚಿತ್ರಕಾರರು ಬಂದರು. ಮನೆಗಳ ಕಿಟಕಿಯಿಲ್ಲದ ಪಕ್ಕದ ಗೋಡೆಗಳ ಮೇಲೆ ಆಳೆತ್ತರ ಮೀರಿದ ಚಿತ್ರಗಳನ್ನು ಬರೆದರು. ಬಡತನಕ್ಕೆ ಹೆಸರಾಗಿದ್ದ ಊರು ಚಿತ್ರಗಳಿಗೆ ಹೆಸರಾಯಿತು. ಅಪರಿಚಿತರು ರೋಮಾ ಕೇರಿಗೆ ಭಯವಿಲ್ಲದೆ ಕಾಲಿಟ್ಟದ್ದೇ ದೊಡ್ಡ ಗೆಲುವು.

ಗೋಡೆಗೆ ಬಣ್ಣ ಬಂದಷ್ಟು ಸಲೀಸಾಗಿ ಮನೆಗೆ ಆದಾಯ ಬರುವುದಿಲ್ಲ ಎಂಬ ಪಾಠವೂ ಈ ಊರಿನದೇ. ಬಸ್ಸಿನಲ್ಲಿ ಬಂದವರು ಒಂದು ಗಂಟೆ ಸುತ್ತಿ, ಚಿತ್ರ ತೆಗೆದುಕೊಂಡು ಹೊರಟರೆ ಊರಿಗೆ ಉಳಿಯುವುದೇನು? ಊಟದ ಮನೆ, ರಾತ್ರಿ ತಂಗಲು ಕೋಣೆ, ಕೊಂಡೊಯ್ಯಲು ಏನಾದರೊಂದು ವಸ್ತು, ಇವೆಲ್ಲ ಇದ್ದರೆ ಮಾತ್ರ ಪ್ರವಾಸಿಗರು ದುಡ್ಡು ಬಿಚ್ಚುತ್ತಾರೆ. ಅವನ್ನು ಶುರುಮಾಡಲು ಬಂಡವಾಳ ಬೇಕು. ಬ್ಯಾಂಕು ಸಾಲ ಕೊಡದ ಕುಟುಂಬಗಳಿಗೆ ಅದು ತಾನಾಗಿ ಹುಟ್ಟುವುದಿಲ್ಲ. ಸರ್ಕಾರಗಳ, ಯುರೋಪಿಯನ್ ಒಕ್ಕೂಟದ ನೆರವು ಹೋಗಬೇಕಾದದ್ದು ಅಲ್ಲಿಗೆ.

ಕೇರಿಯ ಕಥೆ ಕೇರಿಯವರ ಬಾಯಲ್ಲಿ

ಹಂಗರಿಯ ರಾಜಧಾನಿ ಬುಡಾಪೆಸ್ಟ್‌ನ ಎಂಟನೇ ವಾರ್ಡು ಯೋಜೆಫ್‌ವಾರೋಶ್. ರೋಮಾ ವಾದ್ಯಗಾರರ ಮನೆತನಗಳು ಬಾಳಿದ ಬೀದಿಗಳು ಅಲ್ಲಿವೆ. ಅತ್ತ ಹೋಗಬೇಡಿ ಎಂದು ಪ್ರವಾಸಿಗರಿಗೆ ಎಚ್ಚರಿಕೆ ಹೇಳುವ ಕಾಲವಿತ್ತು. ಈಗ ಉತ್ಸು ಎಂಬ ಪ್ರತಿಷ್ಠಾನದ ರೋಮಾ ಯುವಕ ಯುವತಿಯರು ಅದೇ ಬೀದಿಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ ತಮ್ಮ ಇತಿಹಾಸವನ್ನೂ ತಮ್ಮ ಬದುಕನ್ನೂ ತಾವೇ ಹೇಳುತ್ತಾರೆ. ಕೇಳುವವರು ಪ್ರಶ್ನೆ ಕೇಳಬಹುದು. ಉತ್ತರಿಸುವುದೋ ಬಿಡುವುದೋ ಹೇಳುವವರ ಇಷ್ಟ. ಇದೇ ವಾರ್ಡಿನಲ್ಲಿ ರೊಮಾನಿ ಪ್ಲಾಟ್ನಿ ಎಂಬ ಅಡುಗೆಮನೆಯನ್ನು ರೋಮಾ ಹೆಂಗಸರು ನಡೆಸಿ, ಹೊರಗಿನವರನ್ನು ತಮ್ಮ ಮನೆಯಡುಗೆಗೆ ಕೂರಿಸಿದರು.

ಇದಕ್ಕೆ ತದ್ವಿರುದ್ಧವಾದದ್ದು ರೊಮೇನಿಯಾದ ಗ್ಲೋಡ್ ಎಂಬ ರೋಮಾ ಹಳ್ಳಿಯ ಅನುಭವ. 2006ರಲ್ಲಿ ತೆರೆಕಂಡ ‘ಬೋರಾಟ್’ ಎಂಬ ಹಾಸ್ಯಚಿತ್ರದ ಕೆಲವು ದೃಶ್ಯಗಳನ್ನು ಅಲ್ಲಿ ತೆಗೆದರು. ತಮ್ಮ ಕಷ್ಟದ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಾರೆಂದು ನಂಬಿದ್ದೆವು, ಕೈಗೆ ಬಂದದ್ದು ಪುಡಿಗಾಸು ಎಂದು ಗ್ರಾಮಸ್ಥರು ದೂರಿದರು. ಜಗತ್ತು ನಕ್ಕದ್ದು ಅವರ ಮನೆ, ಮುಖಗಳನ್ನು ನೋಡಿ. ಅಮೆರಿಕದ ನ್ಯಾಯಾಲಯಕ್ಕೆ ಹೋದರೂ ಪರಿಹಾರ ದಕ್ಕಲಿಲ್ಲ. ಉಂಡೂ ಹೋದ ಕೊಂಡೂ ಹೋದ ಅನ್ನುವ ಮಾತು ಇಂಥವರಿಗೇ ಹುಟ್ಟಿದ್ದು. ಕ್ಯಾಮೆರಾ ಹಿಡಿದು ಕೇರಿಗೆ ನುಗ್ಗುವ ಪ್ರವಾಸಿಗರು ಅದನ್ನೇ ಸಣ್ಣ ಪ್ರಮಾಣದಲ್ಲಿ ಮಾಡುತ್ತಾರೆ.

ಕಥೆಯಿಂದ ಕಲೆಯ ಮಾತಿಗೆ ಬಂದರೆ, ಸೆರ್ಬಿಯಾದ ಗೂಚಾ ತುತ್ತೂರಿ ಉತ್ಸವ 1961ರಿಂದ ನಡೆಯುತ್ತಿದೆ. ಲಕ್ಷಗಟ್ಟಲೆ ಜನ ಸೇರುವ ಆ ಊರಿನಲ್ಲಿ ರೋಮಾ ತಂಡಗಳು ಮೇಜಿನಿಂದ ಮೇಜಿಗೆ ಹೋಗಿ ಊದುತ್ತವೆ. ಮೆಚ್ಚಿದವರು ವಾದ್ಯಗಾರನ ಬೆವರಿದ ಹಣೆಗೆ ನೋಟು ಅಂಟಿಸುತ್ತಾರೆ. ಕೆಲವೇ ದಿನಗಳ ಆ ಭಕ್ಷೀಸು ವರ್ಷದ ದೊಡ್ಡ ಗಳಿಕೆ ಆಗುವ ಮನೆಗಳಿವೆ. ಒಪ್ಪಂದವಿಲ್ಲ, ವಿಮೆಯಿಲ್ಲ. 2020ರಲ್ಲಿ ಕೊರೋನಾ ಬಂದು ಯುರೋಪಿನ ಉತ್ಸವಗಳೆಲ್ಲ ನಿಂತಾಗ ಇಂಥ ವಾದ್ಯಗಾರರ ಒಲೆಯ ಮೇಲೆ ಮೊದಲ ಪೆಟ್ಟು ಬಿತ್ತು. ಕಲೆಗೆ ಗೌರವವೆಂದರೆ ನಿಗದಿತ ಸಂಭಾವನೆ. ಭಕ್ಷೀಸು ಅದರ ಮೇಲಿನದಾಗಿರಬೇಕು.

ಆಕ್ಷೇಪಗಳಿಗೆ ಉತ್ತರ

ಬಡವರ ಕೇರಿಯನ್ನು ತೋರಿಸಿ ದುಡ್ಡು ಮಾಡುವುದು ಅಮಾನವೀಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಡತನವನ್ನೇ ತೋರಿಸಿದರೆ ಹೌದು, ಅಮಾನವೀಯವೇ. ಹೆಂಚು ಮಾಡುವ ಕೈಚಳಕ, ಹಾಡು, ಅಡುಗೆ, ಇತಿಹಾಸ ಬೇರೆ ಮಾತು. ಏನನ್ನು ತೋರಿಸಬೇಕು, ಎಲ್ಲಿಗೆ ಬಾಗಿಲು ಮುಚ್ಚಬೇಕು ಎಂಬ ತೀರ್ಮಾನ ಆ ಸಮುದಾಯದ್ದಾದರೆ ಈ ಆಕ್ಷೇಪಕ್ಕೆ ಜಾಗವಿರುವುದಿಲ್ಲ.

ಪ್ರವಾಸದ ದುಡ್ಡಿನಿಂದ ಎಷ್ಟು ಜನರ ಹೊಟ್ಟೆ ತುಂಬೀತು ಎನ್ನುವವರೂ ಇದ್ದಾರೆ. ನಿಜ, ಇದು ಶಾಲೆಗೆ, ಆಸ್ಪತ್ರೆಗೆ, ಕುಡಿಯುವ ನೀರಿಗೆ ಬದಲಿಯಲ್ಲ. ರೋಮಾ ಮಕ್ಕಳನ್ನು ಪ್ರತ್ಯೇಕ ಶಾಲೆಗಳಿಗೆ ತಳ್ಳುವುದು ನಿಲ್ಲದೆ ಯಾವ ಉದ್ಯಮವೂ ಒಂದು ತಲೆಮಾರನ್ನು ಮೇಲೆತ್ತದು. ಆದರೆ ಕೆಲಸ ಕೊಡುವವರು ಹೆಸರು, ಮೈಬಣ್ಣ ನೋಡಿ ಬಾಗಿಲು ಮುಚ್ಚುವ ಕಡೆ, ಗಿರಾಕಿಯೇ ಮನೆ ಬಾಗಿಲಿಗೆ ಬರುವ ಕಸುಬುಗಳು ಬಹಳ ಇಲ್ಲ. ಪ್ರವಾಸೋದ್ಯಮ ಅಂಥದ್ದೊಂದು.

ಕರ್ನಾಟಕದಿಂದ ಹೊರಡುವವರು ಮಾಡಬಹುದಾದದ್ದು

ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಹೊರಡುವ ಯುರೋಪ್ ತಂಡಗಳಲ್ಲಿ ಹಲವು ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಹಾಯ್ದು ಹೋಗುತ್ತವೆ. ಆ ದಾರಿಯಲ್ಲೂ ಯುರೋಪಿನ ಬೇರೆಡೆಯೂ ಮಾಡಬಹುದಾದ ಕೆಲಸಗಳಿವು.

1. ಬುಡಾಪೆಸ್ಟ್‌ನಲ್ಲಿ ಅರ್ಧ ದಿನವನ್ನು ರೋಮಾ ಮಾರ್ಗದರ್ಶಕರ ಎಂಟನೇ ವಾರ್ಡಿನ ನಡಿಗೆಗೆ ಮೀಸಲಿಡುವುದು. ಅದನ್ನು ವೇಳಾಪಟ್ಟಿಗೆ ಸೇರಿಸಿ ಎಂದು ಪ್ರವಾಸ ಸಂಸ್ಥೆಯನ್ನು ಬುಕಿಂಗ್ ಮಾಡುವಾಗಲೇ ಕೇಳುವುದು.

2. ಚೆಕ್ ಗಣರಾಜ್ಯಕ್ಕೆ ಹೋದವರು 1991ರಲ್ಲಿ ಸ್ಥಾಪನೆಯಾದ ಬ್ರನೋದ ರೋಮಾ ಸಂಸ್ಕೃತಿ ವಸ್ತುಸಂಗ್ರಹಾಲಯವನ್ನೂ, ಪ್ರಾಗ್‌ನ ದಕ್ಷಿಣಕ್ಕಿರುವ ಲೇಟಿ ಸ್ಮಾರಕವನ್ನೂ ನೋಡುವುದು. ಯುದ್ಧಕಾಲದಲ್ಲಿ ರೋಮಾ ಜನರನ್ನು ಕೂಡಿಹಾಕಿದ್ದ, ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತ ಆ ಜಾಗದಲ್ಲಿ ದಶಕಗಳ ಕಾಲ ಹಂದಿ ಸಾಕಣೆ ನಡೆದಿತ್ತು. ರೋಮಾ ಜನರ ಸುದೀರ್ಘ ಹೋರಾಟದ ನಂತರ ಸರ್ಕಾರ ಆ ಸಾಕಣೆ ಕೇಂದ್ರವನ್ನು ಕೊಂಡು ಕೆಡವಿತು. 2024ರಲ್ಲಿ ಸ್ಮಾರಕ ತೆರೆಯಿತು.

3. ಗ್ರನಾಡಾದಲ್ಲಿ ಸಾಂಬ್ರಾಕ್ಕೆ ಟಿಕೆಟ್ ಕೊಳ್ಳುವ ಮುನ್ನ, ಈ ಗುಹೆ ಯಾವ ಕುಟುಂಬದ್ದು, ಕಲಾವಿದರಿಗೆ ಸಂಭಾವನೆ ಹೇಗೆ ಎಂದು ವಿಚಾರಿಸುವುದು. ಉತ್ತರ ಸಿಗದಿದ್ದರೆ ಮುಂದಿನ ಗುಹೆಯಲ್ಲಿ ಕೇಳುವುದು.

4. ಕೈಕೆಲಸದ ವಸ್ತುವನ್ನು ಮಾಡಿದವರ ಕೈಯಿಂದಲೇ, ಚೌಕಾಸಿ ಮಾಡದೆ ಕೊಳ್ಳುವುದು. ಮಕ್ಕಳ, ಮನೆಗಳ ಫೋಟೊವನ್ನು ಒಪ್ಪಿಗೆಯಿಲ್ಲದೆ ತೆಗೆಯದಿರುವುದು.

5. ಯುರೋಪಿನ ಕನ್ನಡ ಸಂಘಗಳು ತಮ್ಮ ರಾಜ್ಯೋತ್ಸವ, ಯುಗಾದಿ ವೇದಿಕೆಗಳಿಗೆ ಆಯಾ ಊರಿನ ರೋಮಾ ಕಲಾವಿದರನ್ನು ಪೂರ್ಣ ಸಂಭಾವನೆ ಕೊಟ್ಟು ಕರೆಯುವುದು. ಏಪ್ರಿಲ್ 8 ಅಂತರರಾಷ್ಟ್ರೀಯ ರೋಮಾ ದಿನ. ಯುಗಾದಿಯ ಆಸುಪಾಸಿನಲ್ಲೇ ಬರುವುದರಿಂದ ಎರಡನ್ನೂ ಜೊತೆಗೆ ಆಚರಿಸಲು ಅಡ್ಡಿಯಿಲ್ಲ.

ಪ್ರವಾಸ ಸಂಸ್ಥೆಗಳಿಗೆ ಒಂದು ವಿಶೇಷ ಒತ್ತಾಯವಿದೆ. ಜಾಹೀರಾತಿನಲ್ಲಿ ಜಿಪ್ಸಿ ನೃತ್ಯ, ಜಿಪ್ಸಿ ರಾತ್ರಿ ಎಂದು ಮಾರುವವರು, ಆ ಟಿಕೆಟ್ಟಿನ ಹಣದಲ್ಲಿ ರೋಮಾ ಕಲಾವಿದರಿಗೆ, ಮಾರ್ಗದರ್ಶಕರಿಗೆ ಎಷ್ಟು ಪಾಲು ಹೋಗುತ್ತದೆ ಎಂಬುದನ್ನು ಅದೇ ಜಾಹೀರಾತಿನಲ್ಲಿ ಮುದ್ರಿಸಬೇಕು. ಮುಂದಿನ ಬೇಸಿಗೆಯ ಬುಕಿಂಗ್ ಶುರುವಾಗುವ ಮೊದಲೇ ಗ್ರಾಹಕರು ಈ ಲೆಕ್ಕವನ್ನು ಕೇಳಿ ಪಡೆಯಲಿ.